ಮನೆಯ ನೆಟ್‌ವರ್ಕಿಗೆ ಹೊರಗಿನಿಂದ ದಾರಿ: ವಿಳಾಸ ಪರೀಕ್ಷೆಯಿಂದ ವೈರ್‌ಗಾರ್ಡ್‌ವರೆಗೆ

ಊರಿನ ಮನೆಯ ಕ್ಯಾಮೆರಾ, ಫೋಟೊ ತುಂಬಿದ ಹಾರ್ಡ್‌ಡಿಸ್ಕ್, ಹಳೇ ಕಂಪ್ಯೂಟರ್ ಇವನ್ನೆಲ್ಲ ಬೇರೆ ಊರಿನಿಂದ ತೆರೆಯಬೇಕು ಅಂದುಕೊಂಡವರು ಸಾಮಾನ್ಯವಾಗಿ ನೇರ ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಪುಟಕ್ಕೆ (ಹೊರಗಿನಿಂದ ಬಂದದ್ದನ್ನು ಒಳಗಿನ ಯಾವ ಸಾಧನಕ್ಕೆ ಕಳಿಸಬೇಕೆಂದು ಹೇಳುವ ಪುಟ) ಹೋಗುತ್ತಾರೆ. ಯಾವುದೋ ವಿಡಿಯೊ ನೋಡಿಕೊಂಡು ಅಂಕಿ ತುಂಬುತ್ತಾರೆ, ಎರಡು ದಿನ ತಲೆ ಕೆಡಿಸಿಕೊಳ್ಳುತ್ತಾರೆ. ಎಷ್ಟೋ ಸಲ ಆ ಅಂಕಿಗಳಲ್ಲಿ ತಪ್ಪೇ ಇರುವುದಿಲ್ಲ. ಮನೆಗೆ ಹೊರಗಿನಿಂದ ಬರಬಹುದಾದ ವಿಳಾಸವೇ ಇರುವುದಿಲ್ಲ. ಹಾಗಾಗಿ ಮೊದಲು ವಿಳಾಸದ ಪರೀಕ್ಷೆ; ಹೊರಗಿನಿಂದ ಮನೆಗೆ ಗೂಢಲಿಪಿಯ ಸುರಂಗ (ವಿಪಿಎನ್) ಕಟ್ಟುವ ವೈರ್‌ಗಾರ್ಡ್ ತಂತ್ರಾಂಶದ ಸೆಟ್ಟಿಂಗು ಆಮೇಲೆ.

ದೂರದಿಂದ ವೈಫೈ ಪಾಸ್‌ವರ್ಡ್ ಬದಲಿಸುವುದು, ರೂಟರ್ ರೀಸ್ಟಾರ್ಟ್ ಮಾಡುವುದು ಇಷ್ಟೇ ಬೇಕಿದ್ದರೆ ಇದನ್ನೆಲ್ಲ ಓದುವ ಅಗತ್ಯವಿಲ್ಲ. ರೂಟರ್ ಕಂಪನಿಯದೇ ಆ್ಯಪ್ ಸಾಕು. ಟಿಪಿ-ಲಿಂಕ್‌ಗೆ ಟೆದರ್ ಇದೆ, ಏಸುಸ್‌ಗೂ ಅದರದೇ ಆ್ಯಪ್ ಇದೆ. ಮುಂದಿನದು ಮನೆಯೊಳಗಿನ ಸಾಧನಗಳನ್ನೇ ತಲುಪಬೇಕಾದವರಿಗೆ.

ನಿಮ್ಮ ಮನೆಗೆ ವಿಳಾಸ ಇದೆಯೇ?

ವೈಫೈಗೆ ಸೇರಿಕೊಂಡು ರೂಟರಿನ ಒಳಪುಟ ತೆರೆಯಿರಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1, ರೂಟರಿನ ಅಡಿಭಾಗದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಥವಾ ಇಂಟರ್ನೆಟ್ ಐಪಿ ಎಂದಿರುವ ಅಂಕಿಯನ್ನು (ರೂಟರಿಗೆ ಹೊರಗಿನ ಕಡೆಯಿಂದ ಸಿಕ್ಕ ವಿಳಾಸ) ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಅದೇ ವೈಫೈಯಲ್ಲಿ ಬ್ರೌಸರ್ ತೆರೆದು 'ವಾಟ್ ಈಸ್ ಮೈ ಐಪಿ' ಎಂದು ಹುಡುಕಿ, ಅಲ್ಲಿ ತೋರಿಸುವ ಅಂಕಿಯೊಂದಿಗೆ ಹೋಲಿಸಿ.

ಎರಡೂ ಒಂದೇ ಆಗಿದ್ದರೆ ನಿಮ್ಮದು ಪಬ್ಲಿಕ್ ಐಪಿ, ಅಂದರೆ ಇಂಟರ್ನೆಟ್ಟಿನ ಎಲ್ಲಿಂದಲಾದರೂ ತಲುಪಬಹುದಾದ ವಿಳಾಸ. ಕೆಲಸ ಅರ್ಧ ಮುಗಿದಂತೆ.

ಬೇರೆ ಬೇರೆ ಆಗಿದ್ದರೆ ವ್ಯಾನ್ ಅಂಕಿ ಎಲ್ಲಿಂದ ಶುರುವಾಗುತ್ತದೆ ನೋಡಿ. 192.168 ಎಂದಿದ್ದರೆ ನಿಮ್ಮ ರೂಟರಿನ ಹಿಂದೆ ಇನ್ನೊಂದು ರೂಟರ್ ಕೂತಿದೆ. ಬಹುಪಾಲು ಅದು ಫೈಬರ್ ಬಂದು ಸೇರುವ ಓಎನ್‌ಟಿ ಡಬ್ಬಿ. ಇದು ನಿಮ್ಮ ಮನೆಯೊಳಗಿನ ಸಮಸ್ಯೆ, ಸರಿಪಡಿಸಬಹುದು. 100.64ರಿಂದ 100.127ರ ನಡುವೆ ಇದ್ದರೆ ಅದು ಸಿಜಿನ್ಯಾಟ್; ಒಂದು ಪಬ್ಲಿಕ್ ಐಪಿಯನ್ನು ಇಂಟರ್ನೆಟ್ ಕಂಪನಿಯು ಅನೇಕ ಮನೆಗಳಿಗೆ ಹಂಚಿದೆ. ಈ ಅಂಕಿಗಳ ಸಾಲನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. 10ರಿಂದ, ಅಥವಾ 172.16ರಿಂದ 172.31ರವರೆಗೆ ಶುರುವಾದರೂ ಹೆಚ್ಚಾಗಿ ಕಥೆ ಅದೇ.

ಕಂಪನಿಗಳು ಹೀಗೇಕೆ ಮಾಡುತ್ತವೆ ಎಂದರೆ ಅಂಕಿಗಳೇ ಉಳಿದಿಲ್ಲ. ಐಪಿವಿ4ರ (ನಾಲ್ಕು ಅಂಕಿಗಳ ಈ ಹಳೆಯ ವಿಳಾಸ ಪದ್ಧತಿಯ) ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲಿ ಖಾಲಿಯಾಯಿತು. ಏಷ್ಯಾ-ಪೆಸಿಫಿಕ್ ಪ್ರದೇಶಕ್ಕೆ ಹಂಚುವ ಎಪಿನಿಕ್ ಸಂಸ್ಥೆ ಅದೇ ವರ್ಷದ ಏಪ್ರಿಲ್‌ನಲ್ಲಿ ಕೊನೆಯ ಕಟ್ಟಿಗೆ ಕೈಹಾಕಿತು. ಆಮೇಲೆ ಬಂದ ಕೋಟ್ಯಂತರ ಗ್ರಾಹಕರಿಗೆ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು ಆಗದ ಮಾತು. ಸಿಜಿನ್ಯಾಟ್‌ನ ಹಿಂದೆ ಕೂತು ನೀವು ಎಷ್ಟೇ ಪೋರ್ಟ್ ಫಾರ್ವರ್ಡ್ ಮಾಡಿದರೂ ಪ್ರಯೋಜನವಿಲ್ಲ. ಹೊರಗಿನಿಂದ ಬಂದ ಪ್ಯಾಕೆಟ್ ಕಂಪನಿಯ ಯಂತ್ರದಲ್ಲೇ ನಿಲ್ಲುತ್ತದೆ. ಯಾರ ಮನೆಗೆ ಕಳಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಅಪಾರ್ಟ್‌ಮೆಂಟಿನ ಕಟ್ಟಡದ ಹೆಸರು ಮಾತ್ರ ಬರೆದು ಫ್ಲ್ಯಾಟ್ ನಂಬರ್ ಬರೆಯದ ಪಾರ್ಸೆಲ್ಲಿನ ಪಾಡು.

ಸಿಜಿನ್ಯಾಟ್ ಎಂದು ಖಾತ್ರಿಯಾದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ 'ಸ್ಟ್ಯಾಟಿಕ್ ಪಬ್ಲಿಕ್ ಐಪಿ ಸಿಗುತ್ತದೆಯೇ, ಎಷ್ಟು' ಎಂದು ಕೇಳಿ. 'ಸ್ಟ್ಯಾಟಿಕ್ ಐಪಿ' ಎಂದಷ್ಟೇ ಕೇಳಬೇಡಿ. ಬದಲಾಗದ ಖಾಸಗಿ ಅಂಕಿಯೊಂದನ್ನು ಕೊಟ್ಟು ಸ್ಟ್ಯಾಟಿಕ್ ಎಂದೇ ಕರೆದರೆ ಹಣ ನೀರುಪಾಲು. ಸಿಗದಿದ್ದರೆ, ಅಥವಾ ಬೆಲೆ ಒಗ್ಗದಿದ್ದರೆ, ಮುಂದಿನ ಕೆಲವು ಹಂತ ಬಿಟ್ಟು ಸಿಜಿನ್ಯಾಟ್ ಕುರಿತ ಭಾಗಕ್ಕೆ ಹೋಗಿ. ಆದರೆ ಒಳಗಿನ ಅಂಕಿಗಳನ್ನು ಬದಲಿಸುವ ಹಂತ ಎಲ್ಲರಿಗೂ ಬೇಕು.

ಎರಡು ರೂಟರ್ ಒಂದರ ಹಿಂದೊಂದು

ಓಎನ್‌ಟಿಯೇ ರೂಟರ್ ಕೆಲಸವನ್ನೂ ಮಾಡುತ್ತಿದ್ದು, ಅದರ ಮುಂದೆ ನೀವು ಕೊಂಡ ರೂಟರ್ ಹಾಕಿದ್ದರೆ ಎರಡು ಸಲ ನ್ಯಾಟ್ (ಒಳಗಿನ ಖಾಸಗಿ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ಕೆಲಸ) ಆಗುತ್ತದೆ. ಸರಿಯಾದ ಮದ್ದು ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸುವುದು. ಆಗ ಅದು ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಕೆಲಸ ಮಾತ್ರ ಮಾಡುತ್ತದೆ, ಪಿಪಿಪಿಒಇ ಲಾಗಿನ್, ಅಂದರೆ ಹೆಸರು-ಪಾಸ್‌ವರ್ಡ್ ಕೊಟ್ಟು ಕಂಪನಿಯ ನೆಟ್‌ವರ್ಕಿಗೆ ಸೇರುವ ಕೆಲಸ, ನಿಮ್ಮ ರೂಟರಿಗೆ ಬರುತ್ತದೆ. ಲೈನ್‌ಮನ್ ಬಂದಾಗ ಮೂರು ವಿಷಯ ಬರೆಸಿಕೊಳ್ಳಿ: ಪಿಪಿಪಿಒಇ ಯೂಸರ್ ಹೆಸರು, ಅದರ ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಲೈನಿನಲ್ಲಿ ಇಂಟರ್ನೆಟ್ಟಿನ ಸಂಚಾರವನ್ನು ಗುರುತಿಸುವ ಅಂಕಿ). ಮೂರನೆಯದನ್ನು ಕೇಳಲು ಮರೆಯುವವರೇ ಹೆಚ್ಚು. ಅದು ಹೊಂದದಿದ್ದರೆ ಹೆಸರು, ಪಾಸ್‌ವರ್ಡ್ ಸರಿಯಿದ್ದರೂ ರೂಟರ್ 'ಕನೆಕ್ಟಿಂಗ್' ಎನ್ನುತ್ತಲೇ ಕೂತಿರುತ್ತದೆ. ಓಎನ್‌ಟಿಗೆ ಲ್ಯಾಂಡ್‌ಲೈನ್ ಫೋನ್ ಜೋಡಿಸಿದ್ದರೆ ಅದು ಕೆಲಸ ಮಾಡುತ್ತಿದೆಯೇ ಎಂದು ಲೈನ್‌ಮನ್ ಹೊರಡುವ ಮೊದಲೇ ಒಂದು ಕರೆ ಮಾಡಿ ನೋಡಿ. ಬ್ರಿಡ್ಜ್ ಮಾಡುವ ಭರದಲ್ಲಿ ಫೋನಿನ ಸೆಟ್ಟಿಂಗ್ ಅಳಿಸಿಹೋಗುವುದುಂಟು.

ಕೆಲವು ಕಂಪನಿಗಳು ಹಳೆಯ ರೂಟರಿನ ಮ್ಯಾಕ್ ವಿಳಾಸವನ್ನು (ಸಾಧನದ ನೆಟ್‌ವರ್ಕ್ ಭಾಗಕ್ಕಿರುವ ಗುರುತಿನ ಸಂಖ್ಯೆ) ಗಂಟುಹಾಕಿಕೊಂಡಿರುತ್ತವೆ. ಬದಲಿಸಿದ ಮೇಲೆ ನೆಟ್ ಬಾರದಿದ್ದರೆ ಹೊಸ ಮ್ಯಾಕ್ ದಾಖಲಿಸಲು ಹೇಳಿ, ಇಲ್ಲವೇ ರೂಟರಿನ 'ಮ್ಯಾಕ್ ಕ್ಲೋನ್' ಆಯ್ಕೆ ಬಳಸಿ.

ಬ್ರಿಡ್ಜ್ ಮಾಡಿಕೊಡಲು ಒಪ್ಪದಿದ್ದರೆ, ಆದರೆ ಓಎನ್‌ಟಿಯ ವ್ಯಾನ್‌ನಲ್ಲಿ ಪಬ್ಲಿಕ್ ಐಪಿ ಇದ್ದರೆ, ಓಎನ್‌ಟಿಯ ಒಳಪುಟದಲ್ಲಿ ಡಿಎಮ್‌ಜೆಡ್ ಎಂಬ ಆಯ್ಕೆಗೆ ನಿಮ್ಮ ರೂಟರಿನ ವ್ಯಾನ್ ಅಂಕಿ ಕೊಡಿ; ಹೊರಗಿನಿಂದ ಬಂದದ್ದೆಲ್ಲ ನಿಮ್ಮ ರೂಟರಿಗೇ ಹೋಗುತ್ತದೆ. ಅಂದವಲ್ಲ, ಆದರೆ ನಡೆಯುತ್ತದೆ.

ಮನೆಯೊಳಗಿನ ಅಂಕಿಗಳನ್ನು ಬದಲಿಸಿ

ಇದನ್ನು ಬಿಟ್ಟವರು ಆಮೇಲೆ ಪರದಾಡುತ್ತಾರೆ. ಮನೆಯ ನೆಟ್‌ವರ್ಕ್ 192.168.1ರಲ್ಲಿದೆ, ನೀವು ಉಳಿದುಕೊಂಡ ಪಿಜಿಯ ವೈಫೈ ಕೂಡ 192.168.1ರಲ್ಲೇ ಇದೆ ಎಂದುಕೊಳ್ಳಿ. ಮನೆಯ ಡಿವಿಆರ್‌ನ (ಕ್ಯಾಮೆರಾಗಳ ಚಿತ್ರ ಉಳಿಸಿಡುವ ಪೆಟ್ಟಿಗೆ) ಅಂಕಿ 192.168.1.50 ಕೇಳಿದಾಗ ಲ್ಯಾಪ್‌ಟಾಪ್ ಅದನ್ನು ಪಿಜಿಯಲ್ಲೇ ಹುಡುಕುತ್ತದೆ. ವಿಪಿಎನ್ ಸುರಂಗದತ್ತ ತಲೆಯನ್ನೂ ಹಾಕುವುದಿಲ್ಲ. ಸಂಪರ್ಕ ಆಗಿದೆ ಎಂದು ತೋರಿಸುತ್ತದೆ, ಏನೂ ತೆರೆಯುವುದಿಲ್ಲ.

ಆದ್ದರಿಂದ ರೂಟರಿನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಸೆಟ್ಟಿಂಗಿನಲ್ಲಿ ವಿಳಾಸವನ್ನು ಯಾರೂ ಬಳಸದಂಥದ್ದಕ್ಕೆ ಬದಲಿಸಿ. ಇಲ್ಲಿ 192.168.73.1 ಇಟ್ಟುಕೊಳ್ಳೋಣ, ಸಬ್‌ನೆಟ್ ಮಾಸ್ಕ್ 255.255.255.0. ಮೂರನೇ ಅಂಕಿ 0, 1, 2, 10, 29, 31, 50, 100 ಇವು ಬೇಡ. ಕಂಪನಿಗಳ ಡೀಫಾಲ್ಟ್‌ಗಳು ಹೆಚ್ಚಾಗಿ ಇವೇ. ಡಿಎಚ್‌ಸಿಪಿ (ಸಾಧನಗಳಿಗೆ ರೂಟರ್ ತಾನೇ ಅಂಕಿ ಕೊಡುವ ವ್ಯವಸ್ಥೆ) ಹಂಚಿಕೆಯನ್ನು 192.168.73.100ರಿಂದ 199ರವರೆಗೆ ಇಡಿ.

ಬದಲಿಸಿದ ತಕ್ಷಣ ಎಲ್ಲ ಸಾಧನಗಳ ಸಂಪರ್ಕ ಕಡಿಯುತ್ತದೆ, ವೈಫೈಗೆ ಮತ್ತೆ ಸೇರಿದಾಗ ಹೊಸ ಅಂಕಿ ಪಡೆಯುತ್ತವೆ. ಪಡೆಯದೆ ಉಳಿಯುವುದು ಕೈಯಾರೆ ಅಂಕಿ ತುಂಬಿದವು. ಸಿಸಿಟಿವಿ ಹಾಕಿಕೊಟ್ಟವರು ಡಿವಿಆರ್‌ಗೆ ಹಳೆಯ ಅಂಕಿಯನ್ನು ಸ್ಥಿರವಾಗಿ ಕೊಟ್ಟಿರುತ್ತಾರೆ, ಪ್ರಿಂಟರ್ ಕೂಡ ಹಾಗೆಯೇ ಇರಬಹುದು. ಡಿವಿಆರ್‌ಗೆ ಟಿವಿ, ಮೌಸ್ ಹಾಕಿ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎಚ್‌ಸಿಪಿ ಆನ್ ಮಾಡಿ. ಗೇಟ್‌ವೇ ಎಂಬಲ್ಲಿ 192.168.73.1 ಬಂದಿದೆಯೇ ನೋಡಿ. ಗೇಟ್‌ವೇ ಖಾಲಿಯಿದ್ದರೆ ಆ ಸಾಧನ ಮನೆಯೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಹೊರಗಿನಿಂದ ಬಂದವರಿಗೆ ಮಾತ್ರ ಉತ್ತರಿಸುವುದಿಲ್ಲ, ಏಕೆಂದರೆ ಉತ್ತರವನ್ನು ಯಾವ ದಾರಿಯಲ್ಲಿ ಕಳಿಸಬೇಕೆಂದು ಅದಕ್ಕೆ ಗೊತ್ತಿರುವುದಿಲ್ಲ.

ಆಮೇಲೆ ರೂಟರಿನ 'ಅಡ್ರೆಸ್ ರಿಸರ್ವೇಶನ್' ಪುಟದಲ್ಲಿ ನೀವು ಹೊರಗಿನಿಂದ ತಲುಪಬೇಕಾದ ಪ್ರತಿ ಸಾಧನಕ್ಕೂ ಒಂದು ಅಂಕಿ ಕಾಯ್ದಿರಿಸಿ: ಡಿವಿಆರ್‌ಗೆ 73.20, ನ್ಯಾಸ್‌ಗೆ (ನೆಟ್‌ವರ್ಕಿಗೆ ಜೋಡಿಸಿದ ಹಾರ್ಡ್‌ಡಿಸ್ಕ್ ಪೆಟ್ಟಿಗೆ) 73.21, ಕಂಪ್ಯೂಟರಿಗೆ 73.22. ಕಂಪ್ಯೂಟರ್ ಕೇಬಲ್‌ನಲ್ಲಿದ್ದಾಗ ಒಂದು ಮ್ಯಾಕ್, ವೈಫೈಯಲ್ಲಿದ್ದಾಗ ಇನ್ನೊಂದು. ಯಾವುದಕ್ಕೆ ಕಾಯ್ದಿರಿಸುತ್ತಿದ್ದೀರಿ ನೋಡಿಕೊಳ್ಳಿ. ಫೋನ್, ಲ್ಯಾಪ್‌ಟಾಪ್‌ಗಳಲ್ಲಿ 'ರ‍್ಯಾಂಡಮ್ ಮ್ಯಾಕ್' ಆನ್ ಇದ್ದರೆ ಕಾಯ್ದಿರಿಸಿದ್ದು ನಿಲ್ಲದಿರಬಹುದು.

ಯಾವ ಬಾಗಿಲು ತೆರೆಯಬಾರದು

ರೂಟರಿನ 'ರಿಮೋಟ್ ಮ್ಯಾನೇಜ್‌ಮೆಂಟ್', ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ 3389 (ಪೋರ್ಟ್ ಎಂದರೆ ಒಂದೊಂದು ಸೇವೆಯ ಬಾಗಿಲ ಸಂಖ್ಯೆ), ಕ್ಯಾಮೆರಾದ 80 ಮತ್ತು 554, ಫೈಲ್ ಹಂಚಿಕೆಯ 445 ಇವುಗಳನ್ನು ನೇರ ಇಂಟರ್ನೆಟ್ಟಿಗೆ ತೆರೆಯಬೇಡಿ. ಲೋಕದ ಎಲ್ಲ ಐಪಿವಿ4 ವಿಳಾಸಗಳ ಕದ ತಟ್ಟುತ್ತ ಹೋಗುವ ಪ್ರೋಗ್ರಾಮುಗಳು ಹಗಲಿರುಳು ನಡೆಯುತ್ತಲೇ ಇರುತ್ತವೆ. ಹೊರಗಿನ ಪೋರ್ಟನ್ನು 3389ರ ಬದಲು 33890 ಮಾಡಿದರೆ ಕಳ್ಳನಿಗೆ ಒಂದಿಷ್ಟು ತಡವಾಗುತ್ತದೆ, ಅಷ್ಟೇ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ನುಗ್ಗಿದ್ದು ಭಾರಿ ಜಾಣತನದಿಂದೇನಲ್ಲ. ಕಾರ್ಖಾನೆಯಿಂದ ಬಂದ 60ರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಹಿಡಿದು ಒಂದೊಂದಾಗಿ ಪ್ರಯತ್ನಿಸಿತು. ಆ ವರ್ಷದ ಅಕ್ಟೋಬರ್ 21ರಂದು ಅದೇ ಸಾಧನಗಳ ಸೈನ್ಯ ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರನ್ನು ಐಪಿ ಅಂಕಿಗೆ ತಿರುಗಿಸುವ ಸೇವೆ) ಕಂಪನಿಯ ಮೇಲೆ ಬಿದ್ದು, ಟ್ವಿಟರ್‌ನಂಥ ದೊಡ್ಡ ತಾಣಗಳೂ ತೆರೆಯದಂತಾದವು.

ಇದರ ಬದಲು ಒಂದೇ ಬಾಗಿಲು ತೆರೆಯುವುದು: ವಿಪಿಎನ್. ಅದರಲ್ಲಿ ಒಳಗೆ ಬಂದ ಮೇಲೆ ಡಿವಿಆರ್, ನ್ಯಾಸ್, ರೂಟರಿನ ಒಳಪುಟ ಎಲ್ಲವೂ ಮನೆಯಲ್ಲೇ ಕೂತಂತೆ ಸಿಗುತ್ತವೆ. ಈ ಕೆಲಸಕ್ಕೆ ಇವತ್ತು ಮೊದಲ ಆಯ್ಕೆ ವೈರ್‌ಗಾರ್ಡ್. 2020ರಲ್ಲಿ ಲಿನಕ್ಸ್ 5.6 ಕರ್ನೆಲ್‌ನೊಳಗೇ ಸೇರಿಕೊಂಡಿತು. ಸರಿಯಾದ ಕೀ ಇಲ್ಲದವರು ಕದ ತಟ್ಟಿದರೆ ಅದು 'ಯಾರು' ಎಂದೂ ಕೇಳುವುದಿಲ್ಲ, ಸುಮ್ಮನಿರುತ್ತದೆ. ಒಳಗೆ ಏನಾದರೂ ಇದೆ ಎಂಬ ಸುಳಿವೇ ಹೊರಗಿನವರಿಗೆ ಸಿಗುವುದಿಲ್ಲ.

ಬಾಗಿಲು ತೆರೆಯುವ ಮೊದಲು ಕಿಟಕಿಗಳನ್ನು ಮುಚ್ಚಿ: ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಟೈಪಿಸದೆ ಗುಂಡಿ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಸೌಲಭ್ಯ) ಮತ್ತು ಯುಪಿಎನ್‌ಪಿ ಆಫ್ ಮಾಡಿ. ಯುಪಿಎನ್‌ಪಿ ಆನ್ ಇದ್ದರೆ ಒಳಗಿನ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ಪೋರ್ಟ್ ತೆಗೆಸಿಕೊಳ್ಳಬಹುದು. ಕ್ಯಾಮೆರಾಗಳು ಹೀಗೆ ತೆಗೆಸಿಕೊಳ್ಳುವುದು ಸಾಮಾನ್ಯ.

ಬದಲಾಗುವ ವಿಳಾಸಕ್ಕೊಂದು ಹೆಸರು

ಪಬ್ಲಿಕ್ ಐಪಿ ಇದ್ದರೂ ಅದು ಸ್ಥಿರವಲ್ಲದಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ಬದಲಾಗಬಹುದು. ಡೈನಮಿಕ್ ಡಿಎನ್‌ಎಸ್ (ಡಿಡಿಎನ್‌ಎಸ್) ಬೇಕಾಗುವುದು ಇದಕ್ಕೇ: ಅಂಕಿ ಬದಲಾದರೂ ಹೆಸರು ಅದೇ ಉಳಿಯುತ್ತದೆ. ರೂಟರಿನ ಡಿಡಿಎನ್‌ಎಸ್ ಪುಟದಲ್ಲಿ ರೂಟರ್ ಕಂಪನಿಯದೇ ಸೇವೆ ಇದ್ದರೆ ಅದನ್ನೇ ಬಳಸಿ, ತಲೆನೋವು ಕಡಿಮೆ. ಇಲ್ಲದಿದ್ದರೆ ಡಕ್‌ಡಿಎನ್‌ಎಸ್ ಉಚಿತ. ನೋ-ಐಪಿಯ ಉಚಿತ ಹೆಸರುಗಳನ್ನು 30 ದಿನಕ್ಕೊಮ್ಮೆ ಇಮೇಲ್‌ನಲ್ಲಿ ಖಚಿತಪಡಿಸಬೇಕು. ಮರೆತರೆ ಹೆಸರು ಹೋಗುತ್ತದೆ, ಅದೂ ನೀವು ದೂರವಿದ್ದಾಗಲೇ.

ಹೆಸರು ಕೊಟ್ಟ ಮೇಲೆ ಅದು ಯಾವ ಅಂಕಿಗೆ ತಿರುಗುತ್ತದೆ ಎಂದು ಪಿಂಗ್ (ಆ ವಿಳಾಸಕ್ಕೊಂದು ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಕೇಳುವ ಆಜ್ಞೆ) ಮಾಡಿ ನೋಡಿ. ಉತ್ತರ ಬಾರದಿದ್ದರೂ ಪರವಾಗಿಲ್ಲ, ಅಂಕಿ ಸರಿಯಿದ್ದರೆ ಸಾಕು. 192.168, 10, ಅಥವಾ 100.64ರಿಂದ 100.127ರವರೆಗೆ ಶುರುವಾಗುವ ಅಂಕಿ ಕಂಡರೆ ರೂಟರ್ ತನ್ನ ಖಾಸಗಿ ವ್ಯಾನ್ ಅಂಕಿಯನ್ನೇ ದಾಖಲಿಸಿದೆ ಎಂದರ್ಥ; ಮೊದಲ ಪರೀಕ್ಷೆಗೆ ವಾಪಸ್ಸು ಹೋಗಿ.

ರೂಟರಿನಲ್ಲಿ ವೈರ್‌ಗಾರ್ಡ್

ಟಿಪಿ-ಲಿಂಕ್‌ನ ಹಲವು ಆರ್ಚರ್ ಎಎಕ್ಸ್ ಮಾದರಿಗಳು, ಏಸುಸ್‌ನ ಹೊಸ ಫರ್ಮ್‌ವೇರ್ ಇರುವವು, ರೂಟರ್‌ಓಎಸ್ 7 ಇರುವ ಮೈಕ್ರೊಟಿಕ್, ಓಪನ್‌ಡಬ್ಲ್ಯುಆರ್‌ಟಿ (ಹಲವು ರೂಟರ್‌ಗಳಿಗೆ ಹಾಕಬಹುದಾದ ಮುಕ್ತ ತಂತ್ರಾಂಶ) ಹಾಕಿದ ರೂಟರ್ ಇದಕ್ಕೆ ಆದೀತು. ಕೊಳ್ಳುವ ಮೊದಲು ಡಬ್ಬಿಯ ಮೇಲೆ 'ವಿಪಿಎನ್ ಪಾಸ್‌ತ್ರೂ' ಎಂದು ಕಂಡು ಮೋಸಹೋಗಬೇಡಿ. ಅದು ಒಳಗಿನಿಂದ ಹೊರಗೆ ಹೋಗುವ ವಿಪಿಎನ್‌ಗೆ ಅಡ್ಡಿ ಮಾಡುವುದಿಲ್ಲ ಎಂಬ ಮಾತಷ್ಟೇ. ನಿಮಗೆ ಬೇಕಾದದ್ದು 'ವಿಪಿಎನ್ ಸರ್ವರ್', ಅದರಲ್ಲೂ ವೈರ್‌ಗಾರ್ಡ್.

1. ವಿಪಿಎನ್ ಸರ್ವರ್ ಪುಟದಲ್ಲಿ ವೈರ್‌ಗಾರ್ಡ್ ಆನ್ ಮಾಡಿ. ಟನಲ್ (ಸುರಂಗ) ವಿಳಾಸ 10.66.73.1/24 ಕೊಡಿ (/24 ಎಂದರೆ 10.66.73ರಿಂದ ಶುರುವಾಗುವ ಎಲ್ಲ ಅಂಕಿಗಳು). ಇದು ಮನೆಯ 192.168.73ಕ್ಕಿಂತ ಬೇರೆಯಾಗಿರಲೇಬೇಕು.

2. ಲಿಸನ್ ಪೋರ್ಟ್ 51820, ಯುಡಿಪಿ. ಟಿಸಿಪಿ ಬೇಡ (ಇವೆರಡು ಪ್ಯಾಕೆಟ್ ಸಾಗಿಸುವ ಬೇರೆ ಬೇರೆ ಕ್ರಮಗಳು), ವೈರ್‌ಗಾರ್ಡ್ ಯುಡಿಪಿಯಲ್ಲಿ ಮಾತ್ರ ನಡೆಯುತ್ತದೆ. ಓಪನ್‌ಡಬ್ಲ್ಯುಆರ್‌ಟಿ, ಮೈಕ್ರೊಟಿಕ್‌ಗಳಲ್ಲಾದರೆ ಫೈರ್‌ವಾಲ್‌ನಲ್ಲಿ ಈ ಪೋರ್ಟಿಗೆ ಅನುಮತಿಯ ನಿಯಮ ನೀವೇ ಬರೆಯಬೇಕು, ವೈರ್‌ಗಾರ್ಡ್ ಇಂಟರ್‌ಫೇಸನ್ನು ಲ್ಯಾನ್ ವಲಯಕ್ಕೆ ಸೇರಿಸಬೇಕು. ಉಳಿದವು ತಾವೇ ಮಾಡಿಕೊಳ್ಳುತ್ತವೆ.

3. ಪ್ರತಿ ಸಾಧನಕ್ಕೂ ಬೇರೆ ಬೇರೆ ಪೀರ್ (ಒಳಗೆ ಬರಲು ಅನುಮತಿ ಪಡೆದ ಸಾಧನದ ದಾಖಲೆ) ಮಾಡಿ: ಫೋನಿಗೆ 10.66.73.2, ಲ್ಯಾಪ್‌ಟಾಪ್‌ಗೆ 10.66.73.3. ಒಂದೇ ಫೈಲನ್ನು ಎರಡಕ್ಕೂ ಹಾಕಿದರೆ ರೂಟರ್ ಕೊನೆಯದಾಗಿ ಮಾತಾಡಿದವರಿಗೇ ಉತ್ತರ ಕಳಿಸುತ್ತದೆ. ಎರಡೂ ಸಾಧನ ಒಂದರ ಕಾಲು ಒಂದು ಎಳೆಯುತ್ತ ಕೂರುತ್ತವೆ.

4. ಎಂಡ್‌ಪಾಯಿಂಟ್ (ಫೋನು ಮನೆಯನ್ನು ಹುಡುಕುವ ವಿಳಾಸ) ಎಂಬಲ್ಲಿ ಡಿಡಿಎನ್‌ಎಸ್ ಹೆಸರು ಕೊಡಿ, ಮುಂದೆ ಕೋಲನ್ ಹಾಕಿ 51820. ಹಲವು ರೂಟರ್‌ಗಳು ಇಲ್ಲಿ ಇವತ್ತಿನ ಐಪಿಯನ್ನು ತಾವಾಗಿ ತುಂಬಿಬಿಡುತ್ತವೆ. ಅದನ್ನು ತಿದ್ದದಿದ್ದರೆ ಐಪಿ ಬದಲಾದ ದಿನದವರೆಗೆ ಎಲ್ಲ ಸರಿಯಾಗಿಯೇ ನಡೆಯುತ್ತದೆ.

5. ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್. ಸಂಪರ್ಕ ಕಡಿಯದಂತೆ ಅಷ್ಟು ಹೊತ್ತಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು 'ಅಲೌಡ್ ಐಪಿಸ್' ಎಂಬ ಸಾಲು. ರೂಟರಿನ ಕಡೆ ಅದರರ್ಥ 'ಈ ಪೀರ್ ಯಾವ ಅಂಕಿಯಿಂದ ಬರಬಹುದು', ಹಾಗಾಗಿ ಅಲ್ಲಿ 10.66.73.2/32 (/32 ಎಂದರೆ ಆ ಒಂದೇ ಅಂಕಿ). ಫೋನಿನ ಕಡೆ ಅದೇ ಸಾಲಿನ ಅರ್ಥ 'ಯಾವ ಅಂಕಿಗಳನ್ನು ಸುರಂಗದೊಳಗೆ ಕಳಿಸಬೇಕು'. ಅಲ್ಲಿ 192.168.73.0/24 ಮತ್ತು 10.66.73.0/24 ಎಂದು ಕೊಟ್ಟರೆ ಮನೆಯ ಕೆಲಸ ಮಾತ್ರ ಸುರಂಗದಲ್ಲಿ ಹೋಗುತ್ತದೆ, ಯೂಟ್ಯೂಬ್ ತನ್ನ ದಾರಿಯಲ್ಲೇ ಹೋಗುತ್ತದೆ. 0.0.0.0/0 ಕೊಟ್ಟರೆ ಎಲ್ಲವೂ ಮನೆಯ ಮೂಲಕ. ಸಾಮಾನ್ಯ ಬಳಕೆಗೆ ಮೊದಲನೆಯದೇ ಸರಿ. ವಿದೇಶದಲ್ಲಿದ್ದು, ಹೊರದೇಶದಿಂದ ತೆರೆಯದ ಕೆಲವು ಸರ್ಕಾರಿ ತಾಣಗಳನ್ನು ನೋಡಬೇಕಾದವರು ಎರಡನೆಯದನ್ನು ಇನ್ನೊಂದು ಪ್ರೊಫೈಲ್ ಆಗಿ ಇಟ್ಟುಕೊಳ್ಳಬಹುದು. ಆಗ ನಿಮಗೆ ಸಿಗುವ ಡೌನ್‌ಲೋಡ್ ವೇಗ ಮನೆಯ ಅಪ್‌ಲೋಡ್ ವೇಗಕ್ಕಿಂತ ಹೆಚ್ಚಿರುವುದಿಲ್ಲ. ಯುಎಇಯಂಥ ಕಡೆ ವಿಪಿಎನ್ ಬಳಕೆಗೆ ಕಾನೂನಿನ ಕಟ್ಟುಪಾಡುಗಳಿವೆ, ಅಲ್ಲಿರುವವರು ತಿಳಿದುಕೊಂಡೇ ಮುಂದುವರಿಯಬೇಕು.

ರೂಟರ್ ತೋರಿಸುವ ಕ್ಯೂಆರ್ ಕೋಡನ್ನು ಫೋನಿನ ವೈರ್‌ಗಾರ್ಡ್ ಆ್ಯಪ್‌ನಿಂದ ನೇರ ಸ್ಕ್ಯಾನ್ ಮಾಡಿ. ಅದರ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ. ಆ ಚೌಕದೊಳಗೆ ಪ್ರೈವೇಟ್ ಕೀ ಇದೆ, ಅಂದರೆ ಮನೆಯ ಬೀಗದ ಕೈ.

ರೂಟರಿನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಹೊಸದನ್ನು ಕೊಳ್ಳಲೇಬೇಕೆಂದಿಲ್ಲ. ಸದಾ ಆನ್ ಇರುವ ರಾಸ್‌ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಅಥವಾ ಹಳೇ ಲ್ಯಾಪ್‌ಟಾಪ್‌ನಲ್ಲಿ ವೈರ್‌ಗಾರ್ಡ್ ನಡೆಸಿ, ರೂಟರಿನಲ್ಲಿ ಯುಡಿಪಿ 51820 ಒಂದನ್ನೇ ಅದಕ್ಕೆ ಫಾರ್ವರ್ಡ್ ಮಾಡಿ. ಆಗ ಎರಡು ಹೆಚ್ಚುವರಿ ಕೆಲಸ: ಆ ಯಂತ್ರದಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ನೆಟ್‌ವರ್ಕಿನ ಪ್ಯಾಕೆಟ್ಟನ್ನು ಇನ್ನೊಂದಕ್ಕೆ ದಾಟಿಸುವ ಸೌಲಭ್ಯ) ಆನ್ ಮಾಡುವುದು, ರೂಟರಿನ ಸ್ಟ್ಯಾಟಿಕ್ ರೂಟ್ ಪುಟದಲ್ಲಿ '10.66.73.0/24ಕ್ಕೆ ಹೋಗಬೇಕಾದ್ದು ಈ ಯಂತ್ರದ ಮೂಲಕ' ಎಂದು ಬರೆಯುವುದು. ಎರಡನೆಯದನ್ನು ಮರೆತರೆ ಆ ಯಂತ್ರ ಮಾತ್ರ ಸಿಗುತ್ತದೆ, ಬೇರೇನೂ ಸಿಗುವುದಿಲ್ಲ.

ಪರೀಕ್ಷೆ, ಆಗದಿದ್ದರೆ ಎಲ್ಲಿ ನೋಡಬೇಕು

ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ. ಮನೆಯ ವೈಫೈಯಲ್ಲೇ ಕೂತು ಪರೀಕ್ಷಿಸಿದರೆ ಹಲವು ರೂಟರ್‌ಗಳು ತಮ್ಮದೇ ಹೊರವಿಳಾಸಕ್ಕೆ ಒಳಗಿನಿಂದ ಬಂದವರನ್ನು ತಿರುಗಿಸಿ ಬಿಡುವುದಿಲ್ಲ. ಸರಿಯಿರುವುದೂ ಕೆಟ್ಟಂತೆ ಕಾಣುತ್ತದೆ. ಇನ್ನೊಂದು ಬಲೆ ಎಂದರೆ 'ಪೋರ್ಟ್ ಓಪನ್ ಇದೆಯೇ' ಎಂದು ನೋಡಿಕೊಡುವ ತಾಣಗಳು. ಅವು ಸಾಮಾನ್ಯವಾಗಿ ಟಿಸಿಪಿ ಮಾತ್ರ ನೋಡುತ್ತವೆ, ವೈರ್‌ಗಾರ್ಡ್ ಅಪರಿಚಿತರಿಗೆ ಉತ್ತರಿಸುವುದೂ ಇಲ್ಲ. ಅಲ್ಲಿ 'ಕ್ಲೋಸ್ಡ್' ಎಂದು ಕಂಡರೆ ಗಾಬರಿ ಬೇಡ. ನೋಡಬೇಕಾದ್ದು ಆ್ಯಪ್‌ನಲ್ಲಿ 'ಲೇಟೆಸ್ಟ್ ಹ್ಯಾಂಡ್‌ಶೇಕ್' ಎಂಬ ಸಾಲು, ಅಂದರೆ ಎರಡೂ ತುದಿಗಳು ಕೊನೆಯ ಸಲ ಪರಸ್ಪರ ಗುರುತು ಹಿಡಿದ ಹೊತ್ತು.

ಹ್ಯಾಂಡ್‌ಶೇಕ್ ಆಗುತ್ತಿಲ್ಲವೇ? ಪ್ಯಾಕೆಟ್ ಮನೆಗೆ ಬಂದೇ ಇಲ್ಲ, ಅಥವಾ ಕೀ ತಪ್ಪಿದೆ. ಎಂಡ್‌ಪಾಯಿಂಟ್ ಹೆಸರು ಸರಿಯಾದ ಐಪಿಗೆ ತಿರುಗುತ್ತಿದೆಯೇ, ಪೋರ್ಟ್ ಯುಡಿಪಿಯೇ, ಒಂದು ಕಡೆಯ ಪಬ್ಲಿಕ್ ಕೀ ಇನ್ನೊಂದು ಕಡೆ ಪೂರ್ತಿ ಅಂಟಿದೆಯೇ ನೋಡಿ. ಕೀಯ ಕೊನೆಯಲ್ಲಿ ಒಂದು ಸಮಚಿಹ್ನೆ ಇರುತ್ತದೆ, ಕಾಪಿ ಮಾಡುವಾಗ ತಪ್ಪಿಹೋಗುವುದು ಅದೇ. ಮೊಬೈಲ್ ಡೇಟಾದಲ್ಲಿ ಆಗುತ್ತದೆ, ಆಫೀಸು ಅಥವಾ ಹೋಟೆಲ್ ವೈಫೈಯಲ್ಲಿ ಮಾತ್ರ ಇಲ್ಲ ಎಂದರೆ ಅಲ್ಲಿ ಯುಡಿಪಿ ತಡೆದಿದ್ದಾರೆ. ಲಿಸನ್ ಪೋರ್ಟನ್ನು 443ಕ್ಕೆ ಬದಲಿಸಿದರೆ ಕೆಲವು ಕಡೆ ದಾರಿ ಸಿಗುತ್ತದೆ.

ಹ್ಯಾಂಡ್‌ಶೇಕ್ ಆಗಿದೆ, 192.168.73.1 ತೆರೆಯುತ್ತದೆ, ಕಂಪ್ಯೂಟರ್ ಮಾತ್ರ ಸಿಗುವುದಿಲ್ಲವೇ? ವಿಂಡೋಸ್ ಫೈರ್‌ವಾಲ್. ಫೈಲ್ ಹಂಚಿಕೆಗೆ ಅದು ಡೀಫಾಲ್ಟಾಗಿ ತನ್ನದೇ ಸಬ್‌ನೆಟ್‌ನವರನ್ನು ಮಾತ್ರ ಬಿಡುತ್ತದೆ, 10.66.73ರಿಂದ ಬಂದ ನೀವು ಅದಕ್ಕೆ ಪರಕೀಯರು. ಆ ನಿಯಮದ ಸ್ಕೋಪ್‌ನಲ್ಲಿ 10.66.73.0/24 ಸೇರಿಸಿ. ರಿಮೋಟ್ ಡೆಸ್ಕ್‌ಟಾಪ್ ಬೇಕಿದ್ದರೆ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು. ಹೋಮ್ ಆವೃತ್ತಿ ಬೇರೆಯವರನ್ನು ಈ ದಾರಿಯಲ್ಲಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಪಿಂಗ್ ಹೋಗುತ್ತದೆ, ಪುಟ ಅರ್ಧ ತೆರೆದು ನಿಲ್ಲುತ್ತದೆ, ಕ್ಯಾಮೆರಾ ಪಟ್ಟಿ ಬರುತ್ತದೆ, ಚಿತ್ರ ಬರುವುದಿಲ್ಲ. ಇದು ಎಮ್‌ಟಿಯು (ಒಮ್ಮೆಗೆ ಕಳಿಸಬಹುದಾದ ಅತಿ ದೊಡ್ಡ ಪ್ಯಾಕೆಟ್ಟಿನ ಅಳತೆ) ರೋಗ. ಈಥರ್‌ನೆಟ್ 1500 ಬೈಟ್‌ಗಳ ಪ್ಯಾಕೆಟ್ ಹೊರಬಲ್ಲದು, ಪಿಪಿಪಿಒಇ ಅದರಲ್ಲಿ 8 ತಿನ್ನುತ್ತದೆ, ಉಳಿದದ್ದು 1492. ವೈರ್‌ಗಾರ್ಡ್‌ನ ಹೊದಿಕೆಗೆ ಐಪಿವಿ6ರಲ್ಲಿ (ಐಪಿವಿ4ರ ನಂತರದ ಹೊಸ ವಿಳಾಸ ಪದ್ಧತಿ) 80 ಹೋದರೆ 1412. ಡೀಫಾಲ್ಟ್ ಇರುವುದು 1420. ಸಣ್ಣ ಪ್ಯಾಕೆಟ್ ನುಸುಳುತ್ತದೆ, ದೊಡ್ಡದು ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಎರಡೂ ಕಡೆ 1412 ಹಾಕಿ ನೋಡಿ, ಆಗದಿದ್ದರೆ 1280. ವೇಗದಲ್ಲಿ ಆಗುವ ನಷ್ಟ ಗಮನಕ್ಕೂ ಬರುವುದಿಲ್ಲ.

ನಿನ್ನೆಯವರೆಗೆ ಇತ್ತು, ಇವತ್ತು ಇಲ್ಲ ಎಂದರೆ ಮನೆಯ ಐಪಿ ಬದಲಾಗಿರಬೇಕು. ವೈರ್‌ಗಾರ್ಡ್ ಸಾಮಾನ್ಯವಾಗಿ ಎಂಡ್‌ಪಾಯಿಂಟ್ ಹೆಸರನ್ನು ಟನಲ್ ಆನ್ ಮಾಡಿದಾಗ ಒಮ್ಮೆ ಮಾತ್ರ ಕೇಳಿಕೊಳ್ಳುತ್ತದೆ. ಆಫ್ ಮಾಡಿ ಆನ್ ಮಾಡಿ.

ಸಿಜಿನ್ಯಾಟ್‌ನ ಹಿಂದೆ ಇರುವವರಿಗೆ

ಪಬ್ಲಿಕ್ ಐಪಿ ಸಿಗದಿದ್ದರೂ ಎರಡು ದಾರಿಗಳಿವೆ. ಒಂದು ಐಪಿವಿ6. ರೂಟರಿನ ಸ್ಟೇಟಸ್ ಪುಟದಲ್ಲಿ 2 ಅಥವಾ 3ರಿಂದ ಶುರುವಾಗುವ ಐಪಿವಿ6 ವಿಳಾಸ ಇದ್ದರೆ ಅದು ಪಬ್ಲಿಕ್ಕೇ. ಡಿಡಿಎನ್‌ಎಸ್‌ನಲ್ಲಿ ಅದನ್ನು ದಾಖಲಿಸಿ, ಐಪಿವಿ6 ಫೈರ್‌ವಾಲ್‌ನಲ್ಲಿ ಯುಡಿಪಿ 51820 ಬಿಟ್ಟರೆ ಮೇಲಿನ ಕ್ರಮವೇ ನಡೆಯುತ್ತದೆ. ಜಿಯೊ, ಏರ್‌ಟೆಲ್ ಮೊಬೈಲ್‌ಗಳಲ್ಲಿ ಐಪಿವಿ6 ಇರುವುದರಿಂದ ಫೋನಿನಿಂದ ಚೆನ್ನಾಗಿ ಸಿಗುತ್ತದೆ. ಐಪಿವಿ6 ಇಲ್ಲದ ಹೋಟೆಲ್ ವೈಫೈಯಿಂದ ಸಿಗುವುದಿಲ್ಲ. ಕಂಪನಿ ಕೊಟ್ಟ ಓಎನ್‌ಟಿಗಳಲ್ಲಿ ಈ ಫೈರ್‌ವಾಲ್ ತೆರೆಯಲು ಅವಕಾಶವೇ ಇಲ್ಲದಿರುವುದೂ ಉಂಟು.

ಎರಡನೆಯದು, ಹೆಚ್ಚಿನವರಿಗೆ ಹೊಂದುವುದು, ಟೇಲ್‌ಸ್ಕೇಲ್ ಎಂಬ ವಿಪಿಎನ್ ಸೇವೆ. ಒಳಗೆ ವೈರ್‌ಗಾರ್ಡೇ ಇದೆ. ಆದರೆ ಎರಡೂ ತುದಿಗಳು ಒಳಗಿನಿಂದ ಹೊರಗೆ ಕೈಚಾಚಿ ಮಧ್ಯದಲ್ಲಿ ಭೇಟಿಯಾಗುವುದರಿಂದ ಪಬ್ಲಿಕ್ ಐಪಿ, ಪೋರ್ಟ್, ಡಿಡಿಎನ್‌ಎಸ್ ಯಾವುದೂ ಬೇಡ. ನೇರ ಭೇಟಿ ಆಗದಿದ್ದರೆ ಅವರ ರಿಲೇ ಯಂತ್ರದ ಮೂಲಕ ಹೋಗುತ್ತದೆ. ಅಂಥದ್ದೊಂದು ಬೆಂಗಳೂರಿನಲ್ಲೂ ಇದೆ. ರಿಲೇ ಮೂಲಕ ಹೋದಾಗ ವೇಗ ಕಡಿಮೆ, ಡೇಟಾ ಮಾತ್ರ ಗೂಢಲಿಪಿಯಲ್ಲೇ ಇರುತ್ತದೆ.

ಮನೆಯಲ್ಲಿ ಸದಾ ಆನ್ ಇರುವ ಒಂದು ಯಂತ್ರದಲ್ಲಿ ಟೇಲ್‌ಸ್ಕೇಲ್ ಹಾಕಿ, ಐಪಿ ಫಾರ್ವರ್ಡಿಂಗ್ ಆನ್ ಮಾಡಿ, 'ಅಡ್ವರ್ಟೈಸ್ ರೂಟ್ಸ್' ಆಯ್ಕೆಯಲ್ಲಿ 192.168.73.0/24 ಕೊಡಿ. ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ: ಅಡ್ಮಿನ್ ಪುಟದಲ್ಲಿ ಆ ರೂಟಿಗೆ ನೀವು ಒಪ್ಪಿಗೆ ಕೊಡಬೇಕು. ಅದೇ ಪುಟದಲ್ಲಿ ಆ ಯಂತ್ರಕ್ಕೆ 'ಡಿಸೇಬಲ್ ಕೀ ಎಕ್ಸ್‌ಪೈರಿ' ಒತ್ತಿ. ಡೀಫಾಲ್ಟಾಗಿ ಕೀ 180 ದಿನಕ್ಕೆ ಮುಗಿಯುತ್ತದೆ. ಆರು ತಿಂಗಳಾದ ಮೇಲೆ ಮನೆಯ ಯಂತ್ರ ಮತ್ತೆ ಲಾಗಿನ್ ಕೇಳುತ್ತ ಕೂತಿರುವಾಗ ನೀವು ಸಾವಿರ ಕಿಲೊಮೀಟರ್ ದೂರ ಇರುತ್ತೀರಿ. ವಿಂಡೋಸ್ ಯಂತ್ರವಾದರೆ 'ರನ್ ಅನ್‌ಅಟೆಂಡೆಡ್' ಕೂಡ ಆನ್ ಮಾಡಿ, ಇಲ್ಲದಿದ್ದರೆ ಯಾರಾದರೂ ಲಾಗಿನ್ ಆಗುವವರೆಗೆ ಅದು ಎದ್ದೇಳುವುದಿಲ್ಲ. ದೂರದ ಲ್ಯಾಪ್‌ಟಾಪ್ ಲಿನಕ್ಸ್‌ನದಾದರೆ 'ಅಕ್ಸೆಪ್ಟ್ ರೂಟ್ಸ್' ಬೇರೆಯಾಗಿ ಕೊಡಬೇಕು. ಫೋನ್, ವಿಂಡೋಸ್‌ಗಳು ತಾವೇ ಒಪ್ಪಿಕೊಳ್ಳುತ್ತವೆ.

ಟೇಲ್‌ಸ್ಕೇಲ್ ಕೂಡ ತನ್ನ ಸಾಧನಗಳಿಗೆ 100ರಿಂದ ಶುರುವಾಗುವ ಅಂಕಿಗಳನ್ನೇ ಕೊಡುತ್ತದೆ. ಅದನ್ನು ಕಂಡು ಸಿಜಿನ್ಯಾಟ್ ಎಂದು ಹೆದರಬೇಡಿ.

ಕರೆಂಟು ಮತ್ತು ಲೈನ್‌ಮನ್

ಇಷ್ಟೆಲ್ಲ ಸರಿಮಾಡಿ ಹೊರಟ ಮೇಲೆ ಸಂಪರ್ಕ ಕಡಿಯುವುದು ಬಹುಪಾಲು ಕರೆಂಟಿನಿಂದ. 12 ವೋಲ್ಟಿನ ಮಿನಿ ಯುಪಿಎಸ್‌ಗೆ ಓಎನ್‌ಟಿ, ರೂಟರ್ ಎರಡನ್ನೂ ಹಾಕಿ. ಒಂದಕ್ಕೆ ಮಾತ್ರ ಹಾಕಿದರೆ ವ್ಯರ್ಥ. ಡಬ್ಬಿಯ ಮೇಲಿನ ಎಮ್‌ಎಎಚ್ ಅಂಕಿ ಸಾಮಾನ್ಯವಾಗಿ 3.7 ವೋಲ್ಟಿನ ಲೆಕ್ಕ. 8000 ಎಮ್‌ಎಎಚ್ ಎಂದರೆ 8 ಇಂಟು 3.7, ಅಂದರೆ 29.6 ವ್ಯಾಟ್-ಅವರ್. ಪರಿವರ್ತನೆಯ ನಷ್ಟ ಕಳೆದು 25 ಎಂದಿಟ್ಟುಕೊಳ್ಳಿ. ಎರಡೂ ಸೇರಿ 12 ವ್ಯಾಟ್ ಎಳೆದರೆ ಎರಡು ಗಂಟೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ವೋಲ್ಟೇಜ್, ಆಂಪಿಯರ್ ಓದಿ. ಪಿನ್‌ನ ಒಳಅಳತೆ 2.1 ಮಿಲಿಮೀಟರೋ 2.5ರದೋ ನೋಡಿ, ಸಡಿಲವಾಗಿ ಕೂತ ಪಿನ್ ರೂಟರನ್ನು ಆಗಾಗ ರೀಸ್ಟಾರ್ಟ್ ಮಾಡಿಸುತ್ತದೆ.

ಕಂಪ್ಯೂಟರಿನ ಬಯಾಸ್‌ನಲ್ಲಿ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಎಂಬುದನ್ನು ಆನ್ ಮಾಡಿದರೆ ಕರೆಂಟು ಬಂದಾಗ ತಾನೇ ಏಳುತ್ತದೆ. ದೂರದಿಂದ ವೇಕ್-ಆನ್-ಲ್ಯಾನ್ (ಮಲಗಿದ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಎಬ್ಬಿಸುವ ಸಂಕೇತ) ಕಳಿಸುವವರಿಗೆ: ಆ ಪ್ಯಾಕೆಟ್ ಮನೆಯೊಳಗೆ ಎಲ್ಲರಿಗೂ ಕೂಗಿ ಹೇಳುವ ಬಗೆಯದು, ವೈರ್‌ಗಾರ್ಡ್ ಸುರಂಗದಲ್ಲಿ ದಾಟುವುದಿಲ್ಲ. ಸುರಂಗದ ಮೂಲಕ ರೂಟರಿನ ಪುಟಕ್ಕೆ ಹೋಗಿ ಅಲ್ಲಿಂದ ಎಬ್ಬಿಸಿ.

ನೆಟ್ ನಿಧಾನ ಎಂದು ಮನೆಯವರು ದೂರು ಕೊಟ್ಟಾಗ ಬಂದ ಹುಡುಗ ಸೂಜಿ ತೂರಿಸಿ ರೀಸೆಟ್ ಮಾಡಿ ಹೋಗುವುದು ಎರಡನೇ ಸಾಮಾನ್ಯ ಕಾರಣ. ಓಎನ್‌ಟಿ, ರೂಟರ್ ಎರಡರ ಮೇಲೂ 'ರೀಸೆಟ್ ಮಾಡಬೇಡಿ, ಮೊದಲು ಫೋನ್ ಮಾಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ರೂಟರಿನ ಬ್ಯಾಕಪ್ ಫೈಲ್ ಇಳಿಸಿಕೊಂಡು ಒಂದು ಪ್ರತಿಯನ್ನು ನಿಮ್ಮ ಬಳಿ, ಒಂದನ್ನು ಮನೆಯ ಕಂಪ್ಯೂಟರಿನಲ್ಲಿ ಇಡಿ. ಸುರಂಗದೊಳಗೇ ಕೂತು ರೂಟರಿನ ಲ್ಯಾನ್ ವಿಳಾಸವನ್ನೋ ವೈರ್‌ಗಾರ್ಡ್ ಪೋರ್ಟನ್ನೋ ಬದಲಿಸಲು ಹೋಗಬೇಡಿ, ಕೂತ ಕೊಂಬೆಯನ್ನೇ ಕಡಿದಂತಾಗುತ್ತದೆ. ಅಂಥ ಬದಲಾವಣೆಯನ್ನು ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಇಟ್ಟುಕೊಳ್ಳಿ.

ಫೋನ್ ಕಳೆದುಹೋದರೆ ಬೇರೆ ಸಾಧನದಿಂದ ಒಳಗೆ ಬಂದು ಅದರ ಪೀರ್ ಒಂದನ್ನು ಅಳಿಸಿದರೆ ಸಾಕು. ಪ್ರತಿ ಸಾಧನಕ್ಕೂ ಬೇರೆ ಪೀರ್ ಮಾಡಿದ್ದರೆ ಉಳಿದವು ಎಂದಿನಂತೆ ನಡೆಯುತ್ತವೆ.